7,700 ರೂಪಾಯಿ ವ್ಯತ್ಯಾಸ ಎಲ್ಲಿಂದ ಬಂತು

ಅಣ್ಣಾರೇ, ನಿಮ್ಮ ಪಟ್ಟಿಯ ಫೋಟೊ ನೋಡಿದೆ. ಕಲಬುರಗಿ ಗಂಜ್‌ನಲ್ಲಿ (ಕೃಷಿ ಮಾರುಕಟ್ಟೆ) ತೊಗರಿ ಮಾರಿದ್ದೀರಿ. ಅಡತ್ ಅಂಗಡಿಯವರು, ಅಂದರೆ ಮಾಲು ಮಾರಿಸಿಕೊಡುವ ದಲ್ಲಾಳಿಗಳು, 47,590 ರೂಪಾಯಿ ಕೈಗಿಟ್ಟಿದ್ದಾರೆ. ಮನೆಯಲ್ಲಿ ಮಗಳು ಅದೇ ಪಟ್ಟಿ ಲೆಕ್ಕ ಹಾಕಿದರೆ 39,890 ಬರುತ್ತಿದೆ. "ಜಾಸ್ತಿ ಬಂದಿದ್ದರೆ ವಾಪಸ್ ಕೊಡಬೇಕಲ್ವಾ?" ಅಂತ ಕೇಳಿದ್ದೀರಿ. ಕೊಡಬೇಕಿಲ್ಲ, ಪಟ್ಟಿ ಸರಿಯಾಗಿದೆ.

ಪಟ್ಟಿಯಲ್ಲಿರುವುದು ಇಷ್ಟು:

57,600 − 12,000 + 3,400 − 360 + 450 − 1,500

ತೊಗರಿ ಹಣ 57,600. ಬಿತ್ತನೆಗೆ ತಂದಿದ್ದ ಮುಂಗಡ 12,000 ಕಳೆದರು. ಹೆಸರುಕಾಳಿನ ಹಳೇ ಬಾಕಿ 3,400 ಕೂಡಿಸಿದರು. ಹಮಾಲಿ 360 ಹೋಯಿತು, ಖಾಲಿ ಚೀಲದ 450 ಬಂತು, ಟ್ರ್ಯಾಕ್ಟರ್ ಬಾಡಿಗೆ 1,500 ಹೋಯಿತು. ಎಡದಿಂದ ಒಂದೊಂದೇ ಮಾಡುತ್ತಾ ಬನ್ನಿ: 45,600, 49,000, 48,640, 49,090, ಕೊನೆಗೆ 47,590.

ಮಗಳು ಬೋಡ್‌ಮಾಸ್ (BODMAS, ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕು ಅಂತ ಹೇಳುವ ಶಾಲೆಯ ಸೂತ್ರ) ನೆನಪಿಟ್ಟುಕೊಂಡು ಕೂಡುವುದನ್ನೆಲ್ಲ ಮೊದಲು ಮುಗಿಸಿದ್ದಾಳೆ. 12,000ಕ್ಕೆ 3,400 ಕೂಡಿಸಿ 15,400 ಕಳೆದಳು. ಆಮೇಲೆ 360ಕ್ಕೆ 450 ಸೇರಿಸಿ 810 ಕಳೆದಳು. ಅವಳನ್ನು ಬೈಯಬೇಡಿ, ಈ ತಪ್ಪು ಬಹಳ ಮಕ್ಕಳು ಮಾಡುತ್ತಾರೆ. ಆ ಸೂತ್ರದಲ್ಲಿ ಕೂಡುವುದರ ಅಕ್ಷರ A, ಕಳೆಯುವುದರ S ಗಿಂತ ಮುಂದಿದೆ, ನಿಜ. ಆದರೆ ಕೂಡುವುದು, ಕಳೆಯುವುದು ಎರಡಕ್ಕೂ ಒಂದೇ ಸ್ಥಾನ. ಎಡಗಡೆಯಿಂದ ಯಾವುದು ಮೊದಲು ಸಿಗುತ್ತದೋ ಅದನ್ನೇ ಮೊದಲು ಮಾಡಬೇಕು.

ಅವಳಿಗೆ ಸೇಡಂ ಬಸ್ಸಿನ ಲೆಕ್ಕ ಹೇಳಿ. ಬಸ್ಸಿನಲ್ಲಿ 38 ಜನ. ಮಳಖೇಡದಲ್ಲಿ 12 ಜನ ಇಳಿದರು, 9 ಜನ ಹತ್ತಿದರು. ಉಳಿದವರು 35. ಮೊದಲು 12 ಮತ್ತು 9 ಕೂಡಿಸಿ 21 ಕಳೆದರೆ 17 ಆಗುತ್ತದೆ. ಅಂದರೆ ಈಗಷ್ಟೇ ಹತ್ತಿದವರನ್ನೂ ಇಳಿಸಿದ ಹಾಗಾಯಿತು! ಗುರುತು ಯಾವಾಗಲೂ ತನ್ನ ಮುಂದಿನ ಸಂಖ್ಯೆಗೆ ಸೇರಿದ್ದು. 12ರ ಹಿಂದಿನ ಮೈನಸ್ 12ಕ್ಕೆ ಮಾತ್ರ, ಅದು 9ನ್ನು ಮುಟ್ಟುವುದಿಲ್ಲ.

ದೊಡ್ಡ ಪಟ್ಟಿಗೆ ನಾನು ಮಾಡುವುದು ಬೇರೆ. ಹಾಳೆಯ ನಡುವೆ ಗೆರೆ ಎಳೆದು ಬಂದದ್ದೆಲ್ಲ ಎಡಕ್ಕೆ, ಹೋದದ್ದೆಲ್ಲ ಬಲಕ್ಕೆ ಬರೆಯುತ್ತೇನೆ. ನಿಮ್ಮದರಲ್ಲಿ ಬಂದದ್ದು 61,450, ಹೋದದ್ದು 13,860. ಒಂದೇ ಸಲ ಕಳೆದರೆ 47,590. ಕಳೆಯುವ ಕೆಲಸ ಒಂದೇ ಸಲ ಇರುವುದರಿಂದ ತಪ್ಪೂ ಕಡಿಮೆ. ಅದೇ ಮಳಖೇಡದಿಂದ ಆಳಿದ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ಧನ (ಪ್ಲಸ್) ಮತ್ತು ಋಣ (ಮೈನಸ್) ಸಂಖ್ಯೆಗಳನ್ನು ಕೂಡಿಸುವ ನಿಯಮ ಬರೆದಿಟ್ಟಿದ್ದಾರೆ. ಎರಡೂ ಧನವಾದರೆ ಧನ, ಎರಡೂ ಋಣವಾದರೆ ಋಣ, ಒಂದು ಧನ ಒಂದು ಋಣವಾದರೆ ಅವುಗಳ ವ್ಯತ್ಯಾಸ. ನಮ್ಮ ಜಿಲ್ಲೆಯ ಈ ಮಾತನ್ನು ಮಗಳಿಗೆ ಹೇಳಲೇಬೇಕು.

ಇನ್ನು ನಿಮ್ಮ 7,700. ಅದನ್ನು ಅರ್ಧ ಮಾಡಿ ನೋಡಿ, 3,850. ಹಳೇ ಬಾಕಿ 3,400, ಚೀಲದ 450 ಕೂಡಿಸಿದರೆ ಅದೇ 3,850! ಕೂಡಿಸಬೇಕಾದ್ದನ್ನು ಕಳೆದರೆ ಲೆಕ್ಕ ಆ ಮೊತ್ತದ ಎರಡು ಪಟ್ಟು ತಪ್ಪುತ್ತದೆ. ಕೂಡಿಸದೇ ಬಿಟ್ಟಿದ್ದಕ್ಕೆ ಒಂದು ಪಟ್ಟು, ಮೇಲೆ ಕಳೆದದ್ದಕ್ಕೆ ಇನ್ನೊಂದು ಪಟ್ಟು. ಎರಡು ವರ್ಷದ ಹಿಂದೆ ನನ್ನ ಲೆಕ್ಕಕ್ಕೂ ಅಂಗಡಿಯವರ ಲೆಕ್ಕಕ್ಕೂ 5,200 ವ್ಯತ್ಯಾಸ ಬಂದು ಸುಮ್ನೆ ಜಗಳ ಆಡಿದ್ದೆ. ರಾತ್ರಿ ಅರ್ಧ ಮಾಡಿ ನೋಡಿದರೆ 2,600. ಅವರು ನನಗೆ ಕೊಡಬೇಕಿದ್ದ ಬಾಕಿಯನ್ನು ನಾನೇ ಹೋದದ್ದರ ಸಾಲಿಗೆ ಬರೆದಿದ್ದೆ. ಮರುದಿನ ಹೋಗಿ ಕ್ಷಮೆ ಕೇಳಿ ಬಂದೆ.

ಆವರಣ ಹಾಕಿದ್ದರೆ ಮಾತ್ರ ಹುಷಾರಾಗಿರಿ. ಕೆಲವರು ಮುಂಗಡದಲ್ಲೇ ಹಳೇ ಬಾಕಿ ಹೊಡೆದು 57,600 − (12,000 − 3,400) ಅಂತ ಬರೆಯುತ್ತಾರೆ. ಒಳಗಿನದು ಮೊದಲು: 8,600. ಅದನ್ನು ಕಳೆದರೆ 49,000, ನಮಗೆ ಬಂದದ್ದೇ. ಆವರಣ ಬಿಡಿಸುವಾಗ 3,400ರ ಮೈನಸ್ ಪ್ಲಸ್ ಆಗುತ್ತದೆ.

ಅರ್ಧ ಮಾಡಿದರೂ ಪಟ್ಟಿಯಲ್ಲಿ ಅಂಥ ಸಂಖ್ಯೆ ಸಿಗಲಿಲ್ಲವಾ? ವ್ಯತ್ಯಾಸವನ್ನು 9ರಿಂದ ಭಾಗಿಸಿ. ಶೇಷ ಇಲ್ಲದೆ ಹೋದರೆ ಅಂಕಿ ಅದಲು ಬದಲಾಗಿರಬಹುದು. 360 ಬದಲು 630 ಬರೆದರೆ 270 ವ್ಯತ್ಯಾಸ, ಅದು 9ರಲ್ಲಿ ಹೋಗುತ್ತದೆ. ಮುಂದಿನ ಪಟ್ಟಿ ಬಂದಾಗ ಮಗಳ ಕೈಗೇ ಕೊಡಿ, ಗೆರೆ ಎಳೆದು ಎರಡು ಸಾಲು ಮಾಡಲಿ.