ಹಳೆಯ ಫ್ರಿಜ್‌ನಲ್ಲಿ ಚೀಸ್ ಮಾಗಿಸಬಹುದೇ?

ಪ್ರಶ್ನೆ: ಮನೆಯ ಎಮ್ಮೆ ಹಾಲಿನಿಂದ ಗಟ್ಟಿ ಚೀಸ್ ಮಾಡುತ್ತಿದ್ದೇನೆ. ಅದನ್ನು ತಿಂಗಳುಗಟ್ಟಲೆ ಮಾಗಿಸಲು ಹಳೆಯ ಫ್ರಿಜ್ ಬಳಸಬಹುದೇ? ಉಪ್ಪು ಹಚ್ಚಿದ ಮಾಂಸವನ್ನೂ ಅದರಲ್ಲೇ ತೂಗುಹಾಕಬಹುದೇ?
— ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಖಂಡಿತ ಬಳಸಬಹುದು, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಿಮ್ಮ ಸೀಮೆಯಲ್ಲಿ ಹೊರಗಿಟ್ಟು ಮಾಗಿಸುವ ಮಾತೇ ಇಲ್ಲ. ಆದರೆ ಫ್ರಿಜ್ ಸಾಮಾನ್ಯವಾಗಿ 4 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಗಟ್ಟಿ ಚೀಸ್‌ಗೆ ಬೇಕಾದದ್ದು 10ರಿಂದ 13 ಡಿಗ್ರಿ ಸೆಲ್ಸಿಯಸ್; ಆದ್ದರಿಂದ ಫ್ರಿಜ್‌ನ ಪ್ಲಗ್ಗನ್ನು ಪ್ರತ್ಯೇಕ ತಾಪಮಾನ ನಿಯಂತ್ರಕಕ್ಕೆ ಜೋಡಿಸಿ, ಅದರ ಸೆನ್ಸರನ್ನು ಚೀಸ್‌ನ ಪಕ್ಕದಲ್ಲೇ ಇರಿಸಿ. ವಿದ್ಯುತ್ ಹೋದಾಗ ತಂಪು ಬೇಗ ಇಳಿಯದಂತೆ ಒಳಗೆ ಕೆಲವು ನೀರಿನ ಬಾಟಲಿಗಳಿರಲಿ.

ತಾಪಮಾನಕ್ಕಿಂತ ತೇವವನ್ನು ಕಾಪಾಡುವುದೇ ಕಷ್ಟ. ಕಂಪ್ರೆಸರ್ ಓಡಿದಾಗಲೆಲ್ಲ ಗಾಳಿಯಲ್ಲಿನ ನೀರು ತಣ್ಣನೆಯ ಫಲಕಕ್ಕೆ ಅಂಟಿ ಒಳಭಾಗ ಒಣಗುವುದರಿಂದ ಚೀಸ್‌ನ ಮೈ ಬಿರಿಯುತ್ತದೆ. ಚೀಸನ್ನು ಮುಚ್ಚಳ ತುಸು ತೆರೆದ ಡಬ್ಬಿಯಲ್ಲಿಟ್ಟು, ತೇವವನ್ನು ಶೇ. 80ರಿಂದ 85ರಷ್ಟು ಉಳಿಸಿಕೊಳ್ಳುವುದು ಸುಲಭದ ಉಪಾಯ. ಡಬ್ಬಿಯೊಳಗೆ ಹನಿಗಟ್ಟಿದರೆ ಒರೆಸಿ, ಆರಂಭದಲ್ಲಿ ದಿನವೂ ಚೀಸನ್ನು ಮಗುಚಿ. ಅಗ್ಗದ ತೇವಮಾಪಕವನ್ನು ಕಣ್ಣುಮುಚ್ಚಿ ನಂಬಬೇಡಿ: ಒದ್ದೆ ಮಾಡಿದ ಅಡುಗೆ ಉಪ್ಪಿನೊಂದಿಗೆ ಅದನ್ನು ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ಶೇ. 75 ತೋರಿಸಬೇಕು.

ಮಾಂಸವನ್ನು ಅದೇ ಫ್ರಿಜ್‌ನಲ್ಲಿ ತೂಗುಹಾಕಬೇಡಿ. ಒಂದರ ಬೂಷ್ಟು ಇನ್ನೊಂದಕ್ಕೆ ಹರಡುತ್ತದೆ. ಮೇಲಾಗಿ ದೀರ್ಘಕಾಲ ಒಣಗಿಸುವ ಮಾಂಸದಲ್ಲಿ ಬಾಟ್ಯುಲಿಸಂ (ಬ್ಯಾಕ್ಟೀರಿಯಾದ ವಿಷದಿಂದ ಬರುವ ಮಾರಕ ಕಾಯಿಲೆ) ತಡೆಯಲು ನೈಟ್ರೈಟ್ ಎಂಬ ರಾಸಾಯನಿಕ ಬೆರೆತ ಉಪ್ಪನ್ನು ಗ್ರಾಂ ಲೆಕ್ಕದಲ್ಲಿ ತೂಗಿಯೇ ಹಾಕಬೇಕಾಗುತ್ತದೆ, ಅದನ್ನು ಅಂದಾಜಿನಿಂದ ಎಂದಿಗೂ ಮಾಡಕೂಡದು.