ಊರಿನ ಹೆಸರು ಆಮೇಲೆ, ಮೊದಲು ತಿಂಗಳು ಹೇಳಿ

ದಾವಣಗೆರೆಯ ಓದುಗರೊಬ್ಬರ ಪತ್ರ: "ಡಿಸೆಂಬರ್ ಕೊನೆಯ ವಾರ ಮಕ್ಕಳಿಗೆ ರಜೆ. ಮನೆಮಂದಿ ನಾಲ್ವರೂ ಒಮ್ಮೆ ಸ್ಕೀಯಿಂಗ್ ಮಾಡಬೇಕೆಂದಿದ್ದೇವೆ. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್ ಇವುಗಳಲ್ಲಿ ಯಾವುದು ಒಳ್ಳೆಯದು? ಇಲ್ಲೆಲ್ಲ ಅವ್ಯವಸ್ಥೆ, ಸಾಲ ಮಾಡಿಯಾದರೂ ಸ್ವಿಟ್ಜರ್ಲೆಂಡಿಗೇ ಹೋಗಿ ಎನ್ನುತ್ತಾರೆ ಗೆಳೆಯರು. ಟೂರ್ ಕಂಪನಿಯವರು ಆರು ದಿನದಲ್ಲಿ ಶ್ರೀನಗರ, ಗುಲ್ಮಾರ್ಗ್, ಪಹಲ್ಗಾಮ್, ಸೋನ್‌ಮಾರ್ಗ್ ಎಲ್ಲ ಮುಗಿಸಿಕೊಡುತ್ತಾರಂತೆ. ನಿಮ್ಮ ಸಲಹೆ ಏನು?"

ಸಂಪಾದಕರ ಉತ್ತರ:

ಅಡಿಕೆ ಧಾರಣೆ ಮತ್ತು ಹೆದ್ದಾರಿ ಗುಂಡಿಗಳ ಪತ್ರಗಳ ನಡುವೆ ಹಿಮದ ಪತ್ರವೊಂದು ಬಂದದ್ದೇ ಸಂತೋಷ. ತಕರಾರು ಇರುವುದು ನಿಮ್ಮ ಮೊದಲ ವಾಕ್ಯದಲ್ಲಿ. ತಾರೀಕು ಗೊತ್ತುಮಾಡಿಕೊಂಡು ಊರು ಹುಡುಕಲು ಹೊರಟಿದ್ದೀರಿ. ನೀವು ಭತ್ತದ ಸೀಮೆಯವರು, ನಿಮಗೆ ಹೇಳಬೇಕೆ? ಡಿಸೆಂಬರಿನಲ್ಲಿ ಸ್ಕೀಯಿಂಗ್‌ಗೆ ಹೋಗುವುದೆಂದರೆ ಮೊದಲ ಮಳೆಗೇ ನಾಟಿಗೆ ಇಳಿದಂತೆ.

ಕಾಶ್ಮೀರಿಗಳು ಚಳಿಗಾಲವನ್ನು ಲೆಕ್ಕ ಹಾಕುವ ರೀತಿ ನೋಡಿ. ಡಿಸೆಂಬರ್ 21ಕ್ಕೆ ಶುರುವಾಗಿ 40 ದಿನ 'ಚಿಲ್ಲೈ ಕಲಾನ್', ಆಮೇಲೆ 20 ದಿನ 'ಚಿಲ್ಲೈ ಖುರ್ದ್', ಕೊನೆಗೆ 10 ದಿನ 'ಚಿಲ್ಲೈ ಬಚ್ಚಾ'. ನಿಮ್ಮ ರಜೆಗೆ ದೊಡ್ಡ ಚಳಿ ಆಗಷ್ಟೇ ಬಾಗಿಲು ತಟ್ಟಿರುತ್ತದೆ. ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಪಶ್ಚಿಮದ ಮಾರುತ ಕ್ಷೋಭೆಗಳು. ಅವು ನಾಲ್ಕಾರು ಸಲ ಬಂದು ಪದರದ ಮೇಲೆ ಪದರ ಕೂತು, ಕಲ್ಲು, ಹುಲ್ಲು, ಪೊದೆ ಎಲ್ಲ ಅಡಗಿದ ಮೇಲೆಯೇ ಸ್ಕೀ ಜಾರುವ ನೆಲ ಸಿದ್ಧವಾಗುವುದು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿ ಕಂದು ಹುಲ್ಲು ತೋರಿಸಿಕೊಂಡು ನಿಂತಿತ್ತು. ಹಿಮ ಬಂದದ್ದು ತಿಂಗಳ ಕೊನೆಗೆ. 2025ರಲ್ಲಂತೂ ಫೆಬ್ರುವರಿಗೆ ಗೊತ್ತುಮಾಡಿದ್ದ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನೇ ಹಿಮವಿಲ್ಲದೆ ಮಾರ್ಚ್‌ಗೆ ತಳ್ಳಿದರು. ಸರ್ಕಾರದ ಕ್ರೀಡಾಕೂಟವೇ ಹಿಮಕ್ಕಾಗಿ ಕಾದಿರುವಾಗ ನಿಮ್ಮ ಆರು ದಿನದ ಪ್ಯಾಕೇಜು ಯಾವ ಲೆಕ್ಕ!

ಸ್ವಿಟ್ಜರ್ಲೆಂಡಿನ ಗೆಳೆಯರಿಗೂ ಸಲ್ಲಬೇಕಾದ್ದು ಸಲ್ಲಲಿ. ಅಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ, ಇಳಿಜಾರನ್ನು ರಾತ್ರಿಯೆಲ್ಲ ಯಂತ್ರಗಳು ಸಪಾಟು ಮಾಡಿಡುತ್ತವೆ, ಹಾದಿಯ ಕಷ್ಟ ಎಷ್ಟೆಂದು ನೀಲಿ, ಕೆಂಪು, ಕಪ್ಪು ಬಣ್ಣಗಳೇ ಹೇಳುತ್ತವೆ. ಎತ್ತರದ ಜೆರ್ಮಾಟ್‌ನಲ್ಲಿ ಹಿಮನದಿಯ ಮೇಲೆ ಬೇಸಿಗೆಯಲ್ಲೂ ಜಾರಬಹುದು. ದುಡ್ಡಿದ್ದವರು ಹೋಗಲಿ. ಆದರೆ ನಮ್ಮವರು ಅಲ್ಲಿಗೆ ಹೋಗಿ ಮಾಡುವುದೇನು? ನನ್ನ ಷಡ್ಡಕರೊಬ್ಬರು ಯೂರೋಪ್ ಪ್ಯಾಕೇಜಿನಲ್ಲಿ 3,454 ಮೀಟರ್ ಎತ್ತರದ ಯುಂಗ್‌ಫ್ರಾಯೋಖ್‌ಗೆ ರೈಲಿನಲ್ಲಿ ಏರಿ, ಫೋಟೊ ಹೊಡೆಸಿಕೊಂಡು, ಚಾಕಲೇಟು ಕೊಂಡು ಇಳಿದುಬಂದರು. ಅಂದಿನಿಂದ ಮದುವೆಮನೆಗಳಲ್ಲಿ 'ನಾವು ಸ್ಕೀಯಿಂಗ್‌ಗೆ ಹೋಗಿದ್ವಿ' ಎಂದು ಶುರುಮಾಡುತ್ತಾರೆ. ಅವರ ಕಾಲು ಸ್ಕೀ ಬೂಟಿಗೆ ತಾಗಿಯೇ ಇಲ್ಲ.

ನಿಮ್ಮ ಪ್ಯಾಕೇಜಿನದೂ ಇದೇ ಕಥೆಯೇ. ತಂಗ್‌ಮಾರ್ಗ್‌ನಲ್ಲಿ ಬಾಡಿಗೆಯ ಕೋಟು, ಗಮ್‌ಬೂಟು ಏರಿಸಿಕೊಂಡು ಹನ್ನೊಂದಕ್ಕೆ ಗುಲ್ಮಾರ್ಗ್ ತಲುಪುತ್ತೀರಿ. ಬೆಟ್ಟ ಏರುವ ರೋಪ್‌ವೇ ಗೊಂಡೊಲಾದ ಸರತಿಯಲ್ಲಿ ಅರ್ಧ ದಿನ. ಮಿಕ್ಕ ಹೊತ್ತಲ್ಲಿ ಯಾರೋ ಎಳೆಯುವ ಮರದ ಬಂಡಿಯ ಮೇಲೆ ಕೂತು ಜಾರಿ, ನಾಲ್ಕಕ್ಕೆ ವಾಪಸು.

ನಾನು ಹೇಳುವುದು ಇಷ್ಟು. ಫೆಬ್ರುವರಿಯಲ್ಲಿ ಹೋಗಿ. ಒಂದೇ ಊರಿನಲ್ಲಿ ಒಂದು ವಾರ ಕೂರಿ. ಗುಲ್ಮಾರ್ಗ್ ಕಣಿವೆ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ, ಹಾಗಾಗಿ ಬಿದ್ದ ಹಿಮ ಬೇಗ ಕರಗುವುದಿಲ್ಲ. ಬೇಸಿಗೆಯಲ್ಲಿ ಗಾಲ್ಫ್ ಆಡುವ ಬಯಲೇ ಚಳಿಗಾಲದಲ್ಲಿ ಕಲಿಯುವವರ ಇಳಿಜಾರು. 1927ರಲ್ಲಿ ಬ್ರಿಟಿಷ್ ಅಧಿಕಾರಿಗಳು ಸ್ಕೀ ಕ್ಲಬ್ ಕಟ್ಟಿದ ಜಾಗ ಅದು. ಈಗ ಸೇನೆಯ ಹಿಮಯುದ್ಧ ಶಾಲೆಯೂ ಕೇಂದ್ರ ಸರ್ಕಾರದ ಸ್ಕೀಯಿಂಗ್ ಸಂಸ್ಥೆಯೂ ಅಲ್ಲಿವೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಏಕೈಕ ಸ್ಪರ್ಧಿ ಆರಿಫ್ ಖಾನ್ ಆ ಸೀಮೆಯ ಹುಡುಗ. ಅಲ್ಲಿನ ಒಳ್ಳೆಯ ಶಿಕ್ಷಕ ಮೊದಲ ಬೆಳಿಗ್ಗೆ ನಿಮ್ಮನ್ನು ಜಾರಲು ಬಿಡುವುದೇ ಇಲ್ಲ. ಬೂಟು ಬಿಗಿಯುವುದು, ಅಡ್ಡಡ್ಡ ಹೆಜ್ಜೆಯಿಟ್ಟು ದಿಬ್ಬ ಹತ್ತುವುದು, ಪಕ್ಕಕ್ಕೆ ಬೀಳುವುದು, ಬಿದ್ದು ಏಳುವುದು, ಇಷ್ಟರಲ್ಲೇ ಊಟದ ಹೊತ್ತಾಗುತ್ತದೆ. ಮಾರನೆಯ ದಿನ ಸ್ಕೀಗಳ ಮುಂತುದಿ ಹತ್ತಿರ ತಂದು ಹಿಂತುದಿ ಅಗಲಿಸಿ ವೇಗ ತಗ್ಗಿಸುವ ಪಾಠ. ಮೂರನೆಯ ದಿನ ಮೈಕೈ ನೋವು. ನಿಜವಾದ ಮಜಾ ಶುರುವಾಗುವುದು ಆಮೇಲೆ. ಅಷ್ಟರಲ್ಲಿ ನಿಮ್ಮ ಟೂರ್ ಕಂಪನಿಯ ಬಸ್ಸು ಸೋನ್‌ಮಾರ್ಗ್ ದಾಟಿರುತ್ತದೆ.

ಗೊಂಡೊಲಾದ ಎರಡನೇ ಹಂತ ಸುಮಾರು 3,950 ಮೀಟರಿಗೆ, ಅಫರ್ವಾತ್ ಬೆಟ್ಟದ ಹೆಗಲಿಗೆ ಒಯ್ಯುತ್ತದೆ. ನೋಡಲು ಹೋಗಿ, ಸ್ಕೀ ಕಟ್ಟಿಕೊಂಡು ಖಂಡಿತ ಬೇಡ. 2023ರ ಫೆಬ್ರುವರಿಯಲ್ಲಿ ಅದೇ ಬೆಟ್ಟದ ಹಿಮಕುಸಿತಕ್ಕೆ ಪೋಲೆಂಡಿನ ಇಬ್ಬರು ಬಲಿಯಾದರು.

ಔಲಿಯ ನಂದಾದೇವಿ ಶಿಖರದ ದರ್ಶನಕ್ಕೆ ಸಾಟಿಯಿಲ್ಲ, ಇಳಿಜಾರೂ ಹೊಸಬರಿಗೆ ಸಲೀಸು. ಆದರೆ ಕೆಳಗಿನ ಜೋಶಿಮಠದಲ್ಲಿ 2023ರ ಜನವರಿಯಲ್ಲಿ ಮನೆಗಳೇ ಬಿರುಕುಬಿಟ್ಟು ರೋಪ್‌ವೇ ನಿಂತಿತು, ಆ ವರ್ಷ ಹಿಮವೂ ಕೈಕೊಟ್ಟಿತು. ಸೋಲಂಗ್ ಒಂದು ದಿನದ ಆಟಕ್ಕೆ ಸಾಕು. ಕಾಶ್ಮೀರವೆಂದರೆ ಅಂಜುವವರನ್ನು ನಾನು ಹೀಗಳೆಯುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ನಮ್ಮ ರಾಜ್ಯದವರೂ ಜೀವ ಕಳೆದುಕೊಂಡರು. ಆ ತೀರ್ಮಾನ ನಿಮ್ಮ ಮನೆಯವರದೇ.

ದಕ್ಷಿಣದವರಿಗೆ ಹಿಮ ಒಗ್ಗುವುದಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಸಪಾಟು ಹಿಮದ ಮೇಲೆ ಕಿಲೋಮೀಟರುಗಟ್ಟಲೆ ಓಡುವ ನಾರ್ಡಿಕ್ ಸ್ಕೀಯಿಂಗ್‌ನಲ್ಲಿ ಗುಲ್ಮಾರ್ಗ್‌ನಲ್ಲೇ ಕರ್ನಾಟಕಕ್ಕೆ ಚಿನ್ನ ಗೆದ್ದುಕೊಟ್ಟರು. ಕಾಫಿತೋಟದ ಸೀಮೆಯಿಂದ ಬಂದವರಿಗೆ ಒಗ್ಗಿದ್ದು ನಿಮ್ಮ ಮಕ್ಕಳಿಗೆ ಒಗ್ಗದೆ?

ಒಗ್ಗದಿರುವುದು ನಮ್ಮ ಶಾಲೆಗಳಿಗೆ. ಫ್ರಾನ್ಸ್‌ನಲ್ಲಿ ದೇಶವನ್ನು ಮೂರು ವಲಯ ಮಾಡಿ ಫೆಬ್ರುವರಿ, ಮಾರ್ಚ್‌ನಲ್ಲಿ ಸರದಿಯ ಮೇಲೆ ಎರಡು ವಾರ ಚಳಿಗಾಲದ ರಜೆ ಕೊಡುತ್ತಾರೆ. (ಆಲ್ಪ್ಸ್‌ಗೇ ಹೋಗುವುದಾದರೆ ಆ ವಾರಗಳನ್ನು ತಪ್ಪಿಸಿ, ಜನಜಾತ್ರೆ, ದರವೂ ದುಬಾರಿ.) ನಮ್ಮಲ್ಲಿ ಫೆಬ್ರುವರಿ ಎಂದರೆ ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ, ಟ್ಯೂಷನ್ನು. ಐದನೇ ತರಗತಿಯ ಮಗುವಿಗೂ ಎಸ್ಸೆಸ್ಸೆಲ್ಸಿಯ ಜ್ವರ. ಎಲ್ಲರಿಗೂ ರಜೆ ಒಂದೇ ವಾರ ಬರುವುದರಿಂದಲೇ ಡಿಸೆಂಬರಿನಲ್ಲಿ ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಾರುಗಳು ಮೂತಿಗೆ ಮೂತಿ ತಾಗಿಸಿ ನಿಲ್ಲುವುದು. ಪ್ರವಾಸೋದ್ಯಮದ ಬಗ್ಗೆ ಭಾಷಣ ಮಾಡುವ ಮಂತ್ರಿಗಳು ಒಮ್ಮೆಯಾದರೂ ಶಿಕ್ಷಣ ಇಲಾಖೆಯ ಕ್ಯಾಲೆಂಡರ್ ತಿರುವಿ ನೋಡಿದ್ದಾರೆಯೇ?

ಆದ್ದರಿಂದ ಪ್ಯಾಕೇಜಿನ ಮುಂಗಡ ಕಟ್ಟುವ ಮುಂಚೆ ಮಕ್ಕಳ ಶಾಲೆಗೆ ಹೋಗಿ. ಫೆಬ್ರುವರಿಯಲ್ಲಿ ಒಂದು ವಾರದ ರಜೆಗೆ ಅರ್ಜಿ ಕೊಡಿ. ಕಾರಣದ ಜಾಗದಲ್ಲಿ ಜ್ವರ ಎಂದು ಬರೆಯದೆ ಸ್ಕೀಯಿಂಗ್ ಎಂದೇ ಬರೆಯಿರಿ. ಹೆಡ್‌ಮಾಸ್ತರು ಏನೆಂದರೆಂದು ನಮಗೆ ತಿಳಿಸಿ, ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.