ಪ್ರತಿಕ್ರಿಯೆ: ಕಾಂಗ್ ಯಾತ್ಸೆ-2, ನಿಮಾಲಿಂಗ್‌ನಲ್ಲಿ ತಲೆನೋವು, ವಾಂತಿ
ಲಡಾಖ್‌ನ ಕಾಂಗ್ ಯಾತ್ಸೆ-2 ಶಿಖರ ಹತ್ತಲು ಹೋದಾಗ ನಿಮಾಲಿಂಗ್ ಕ್ಯಾಂಪಿನಲ್ಲಿ ತಲೆನೋವು, ವಾಂತಿ ಬಂತು, ಮತ್ತೆ ಹೋಗಬೇಕು ಅಂತ ಬರೆದಿದ್ದೀರಿ. ಇದು ಫಿಟ್‌ನೆಸ್ ತೊಂದರೆ ಅಲ್ಲ, ಬೇಗ ಬೇಗ ಎತ್ತರ ಏರಿದ್ದೇ ಕಾರಣ ಅನ್ನಿಸುತ್ತದೆ. ಲೇಹ್‌ಗೆ ವಿಮಾನದಲ್ಲಿ ಇಳಿದು, ಒಂದೇ ದಿನ ಸುಧಾರಿಸಿಕೊಂಡು, ಚೊಕ್ಡೊ ಕಡೆಯಿಂದ ಕೊಂಗ್ಮಾರು ಲಾ ಅನ್ನುವ ಎತ್ತರದ ಘಾಟಿ ದಾಟಿ ನಿಮಾಲಿಂಗ್ ಸೇರಿದೆ ಅಂದಿದ್ದೀರಿ. ದಿನ ಉಳಿಸೋಕೆ ಪ್ಯಾಕೇಜಿನವರು ಹಿಡಿಸುವ ದಾರಿ ಅದು. ಲೇಹ್ ಸುಮಾರು 3,500 ಮೀಟರ್, ನಿಮಾಲಿಂಗ್ 4,700ರ ಆಸುಪಾಸು. ಮ್ಯಾರಥಾನ್ ಓಡುವವರಿಗೂ ತಲೆ ಸಿಡಿಯುತ್ತದೆ. ವಾಂತಿಗೆ ಊಟವೂ ಕಾರಣ ಇರಬಹುದು, ಆದರೆ ಜೊತೆಗೆ ತಲೆನೋವಿದ್ದರೆ ಎತ್ತರದ್ದೇ ಅಂದುಕೊಳ್ಳುವುದು ಕ್ಷೇಮ.

ಈ ಸಲ ಲೇಹ್‌ನಲ್ಲಿ ಮೂರು ರಾತ್ರಿ ಸುಮ್ನೆ ಇರಿ. ಆಮೇಲೆ ಮಾರ್ಖಾ ಕಣಿವೆಯ ಹಳ್ಳಿಗಳಾದ ಸ್ಕಿಯು, ಮಾರ್ಖಾ, ಹಂಕರ್ ಮೂಲಕ ನಿಧಾನವಾಗಿ ಏರಿ. ಹಂಕರ್‌ನಿಂದ ನಿಮಾಲಿಂಗ್‌ಗೆ ಒಂದೇ ದಿನಕ್ಕೆ ಏರು ಜಾಸ್ತಿ, ನಡುವೆ ತಚುಂಗ್ತ್ಸೆಯಲ್ಲಿ ಒಂದು ರಾತ್ರಿ ಟೆಂಟ್ ಹಾಕಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ಮೊದಲೇ ಹೇಳಿ.

ತಲೆನೋವು ಇಳಿಯುವ ತನಕ ಮೇಲೆ ಹೋಗಬೇಡಿ. ಒಂದು ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿಕೊಂಡು ನೇರ ನಡೆಯಲು ಆಗದಿದ್ದರೆ, ಕೂತಲ್ಲೇ ಏದುಸಿರು ಬಂದರೆ, ರಾತ್ರಿಯಾದರೂ ಸರಿ, ಇಳಿಯಿರಿ. ಇಳಿಯುವುದು ಹಂಕರ್ ಕಡೆಗೆ. ರಸ್ತೆ ಹತ್ತಿರ ಅಂತ ಕೊಂಗ್ಮಾರು ಲಾ ಕಡೆ ಹೊರಟರೆ ಮೊದಲು 5,200 ಮೀಟರ್ ತನಕ ಹತ್ತಬೇಕಾಗುತ್ತದೆ.